ಅಕ್ಷರ ಮುಗಿದ ಮೇಲೆ

ಹಸಿರು ಮಾರ್ಗದ ಮೆಟ್ರೊ. ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಹತ್ತಿದ ಹುಡುಗನೊಬ್ಬ ಬಾಗಿಲ ಪಕ್ಕ ಒರಗಿ ನಿಂತು ದಪ್ಪನೆಯ ಕಾದಂಬರಿಯೊಂದರಲ್ಲಿ ಮುಳುಗಿದ್ದ. ಎದುರು ಸೀಟಿನ ಹಿರಿಯರಿಗೆ ಅದನ್ನು ಕಂಡು ಖುಷಿಯಾಗಿರಬೇಕು. "ಏನು ಓದ್ತಾ ಇದ್ದೀಯಪ್ಪಾ?" ಎಂದು ಕೇಳಿದರು. ಹುಡುಗ ತಲೆಯೆತ್ತಿ, "ಸೆಕೆಂಡ್ ಪಿಯು ಅಂಕಲ್, ಪಿಸಿಎಂಸಿ" ಎಂದ. ಅವರು ಕೇಳಿದ್ದು ಕೈಯಲ್ಲಿದ್ದ ಪುಸ್ತಕದ ವಿಚಾರ. ಇವನು ಹೇಳಿದ್ದು ಕಾಲೇಜಿನ ಕಾಂಬಿನೇಷನ್ನು. ಇಬ್ಬರಿಗೂ ಏನೂ ಎಡವಟ್ಟಾದಂತೆ ಅನ್ನಿಸಲಿಲ್ಲ. ಹಿರಿಯರು "ಒಳ್ಳೇದಾಗ್ಲಿ" ಎಂದು ಹೇಳಿ ಜಯನಗರದಲ್ಲಿ ಇಳಿದುಹೋದರು. ಪುಸ್ತಕ ಯಾವುದೆಂದು ನನಗೂ ತಿಳಿಯಲಿಲ್ಲ.

ಈ ಗೊಂದಲ ನಮ್ಮ ಭಾಷೆಯೊಳಗೇ ಇದೆ. ಪುಸ್ತಕ ಓದುವುದಕ್ಕೂ ಶಾಲೆ ಕಲಿಯುವುದಕ್ಕೂ ನಮಗಿರುವುದು ಒಂದೇ ಮಾತು. "ಎಲ್ಲೀವರೆಗೆ ಓದಿದ್ದೀರಿ?" ಎಂದರೆ ಯಾವ ಕ್ಲಾಸಿನವರೆಗೆ ಎಂದರ್ಥ, ಯಾವ ಪುಟದವರೆಗೆ ಎಂದಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡ ನಾಡಿನ ಜನ ಕುರಿತು ಓದದೆಯೂ ಕಾವ್ಯ ಬಲ್ಲವರು ಎಂದು ಹೊಗಳಿತು. ಇಂದಿನ ದಕ್ಷಿಣ ಬೆಂಗಳೂರಿನಲ್ಲಿ ಆ ಮಾತು ತಲೆಕೆಳಗಾಗಿದೆ. ಚೆನ್ನಾಗಿ ಓದಿದವರೇ ಇಲ್ಲಿ ತುಂಬಿದ್ದಾರೆ, ಓದುವವರನ್ನು ಹುಡುಕಬೇಕು.

2011ರ ಜನಗಣತಿಯ ಪ್ರಕಾರ ಬೆಂಗಳೂರು ನಗರ ಜಿಲ್ಲೆಯ ಸಾಕ್ಷರತೆ ಶೇ. 87.67, ರಾಜ್ಯದ್ದು ಶೇ. 75.36. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಲೇಔಟ್ ಸುತ್ತಮುತ್ತ ಶಾಲೆಗಳಿಗೆ ಬರವಿಲ್ಲ. ಜಯನಗರದಲ್ಲಿ ಶಿಕ್ಷಕರನ್ನು ತಯಾರಿಸುವ ಆರ್.ವಿ. ಟೀಚರ್ಸ್ ಕಾಲೇಜಿದೆ. ಟ್ಯೂಷನ್ ಬೋರ್ಡು ಇಲ್ಲದ ಅಡ್ಡರಸ್ತೆ ಸಿಕ್ಕರೆ ಅದೇ ವಿಶೇಷ. ಇಷ್ಟೆಲ್ಲ ಇದ್ದೂ ಕನ್ನಡದಲ್ಲಿ ಒಂದು ಇಡೀ ಪುಸ್ತಕವನ್ನು ತಾನಾಗಿಯೇ, ಪರೀಕ್ಷೆಯ ಹಂಗಿಲ್ಲದೆ ಓದಿ ಮುಗಿಸಿದ ಹತ್ತನೇ ತರಗತಿಯ ಮಗು ಅಪರೂಪ. ಇದಕ್ಕೆ ಇಂಗ್ಲಿಷ್ ಮಾಧ್ಯಮ, ಮೊಬೈಲು, ತಂದೆತಾಯಿಯ ಉದಾಸೀನ ಎಂಬ ಮೂರು ಕಾರಣಗಳು ಎಲ್ಲರ ಬಾಯಲ್ಲೂ ಸಿದ್ಧವಾಗಿರುತ್ತವೆ. ಮೂರರಲ್ಲೂ ಸತ್ಯವಿದೆ. ಆದರೆ ನನಗೆ ಕಂಡ ಮುಖ್ಯ ಕೊರತೆ ಬೇರೆ: ಅಕ್ಷರ ಕಲಿಸುವವರಿದ್ದಾರೆ, ಸಾಹಿತ್ಯ ಪಾಠ ಮಾಡುವವರೂ ಇದ್ದಾರೆ. ಎರಡರ ನಡುವೆ ಮೂರ್ನಾಲ್ಕು ವರ್ಷಗಳ ಒಂದು ದಾರಿ ಇದೆ. ಆ ದಾರಿಯಲ್ಲಿ ಮಗುವಿನ ಜೊತೆ ನಡೆಯುವ ಕೆಲಸವನ್ನು ಯಾರೂ ತಮ್ಮದೆಂದು ಭಾವಿಸಿಲ್ಲ.

ಅಕ್ಷರದಿಂದಲೇ ಶುರುಮಾಡುತ್ತೇನೆ. ನಮ್ಮ ಕಾಲದವರಿಗೆ ಕಾಗುಣಿತವೆಂದರೆ ರಾಗ. ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ, ಗುಡಿಸಿನ ದೀರ್ಘ ಕೀ, ಕೊಂಬು ಕು... ಇಡೀ ತರಗತಿ ತೂಗಾಡುತ್ತ ಹೇಳುತ್ತಿತ್ತು. ಬಾಯಿಗೆ ಬರುತ್ತಿತ್ತು, ಕಣ್ಣಿಗೆ ಬರುವುದು ತಡವಾಗುತ್ತಿತ್ತು. 1995ರ ಹೊತ್ತಿಗೆ ಹೆಗ್ಗಡದೇವನಕೋಟೆಯ ಕೆಲವು ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಗಳನ್ನು ನೋಡಿ ಬಂದು ಶುರುಮಾಡಿದ ನಲಿ-ಕಲಿ ಈ ಕ್ರಮವನ್ನೇ ಬದಲಿಸಿತು. 2009-10ರಿಂದ ಅದು ರಾಜ್ಯದ ಸರ್ಕಾರಿ ಶಾಲೆಗಳ ಮೊದಲ ತರಗತಿಗಳಿಗೆಲ್ಲ ಬಂತು. ಅಲ್ಲಿ ಮಗು ಅ, ಆ, ಇ, ಈ ಎಂದು ಸಾಲು ಹಿಡಿದು ಹೋಗುವುದಿಲ್ಲ. ಮೊದಲು ಬರುವುದು ರ, ಗ, ಸ, ದ, ಅ. ಪ್ರಾಥಮಿಕ ಶಾಲೆಯ ಯಾವ ಮೇಡಂ ಅವರನ್ನು ಕೇಳಿದರೂ "ರಗಸದಅ" ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಐದೇ ಅಕ್ಷರ ಗೊತ್ತಾದ ಮಗು ಸರ, ಅರಸ, ಅಗಸ, ಗರಗಸ, ದಸರ ಎಂದು ಓದಬಲ್ಲದು. ಬರೆಯಲು ಸುಲಭವಾದ, ಒಂದರ ಆಕಾರದಿಂದ ಇನ್ನೊಂದು ಹುಟ್ಟುವ ಅಕ್ಷರಗಳನ್ನು ಮುಂದೆ ತಂದ ಈ ಯೋಚನೆ ನಮ್ಮ ಶಿಕ್ಷಣದಲ್ಲಿ ಇತ್ತೀಚೆಗೆ ಆದ ಅತಿ ಜಾಣ ಕೆಲಸಗಳಲ್ಲೊಂದು. ತಟ್ಟೆ, ಏಣಿ, ಕಾರ್ಡು ಎಂದು ಅದರ ಸಲಕರಣೆ ಹೆಚ್ಚಾಗಿ, ದಾಖಲೆ ತುಂಬುವುದೇ ಕೆಲಸವಾಯಿತು ಎಂಬ ಶಿಕ್ಷಕರ ಗೊಣಗಾಟವೂ ಸುಳ್ಳಲ್ಲ.

ಆದರೆ ಕನ್ನಡದ ಅಕ್ಷರ ಎರಡು ವರ್ಷಕ್ಕೆ ಮುಗಿಯುವಂಥದಲ್ಲ. ವರ್ಣಮಾಲೆ 49 ಇರಬಹುದು. ಕಾಗುಣಿತ ಸೇರಿದರೆ ಲೆಕ್ಕ ನಾನೂರು ದಾಟುತ್ತದೆ. ಅದರ ಮೇಲೆ ಒತ್ತಕ್ಷರ. ಬೆಂಗಳೂರಿನಲ್ಲಿ ಮಕ್ಕಳ ಕನ್ನಡ ಓದಿನ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದ್ದೂ ಇದನ್ನೇ: ಇಂಗ್ಲಿಷ್ ಮಗು ತನ್ನ 26 ಅಕ್ಷರಗಳನ್ನು ಮೊದಲ ವರ್ಷದಲ್ಲೇ ಮುಗಿಸಿದರೆ, ಕನ್ನಡದ ಮಗು ನಾಲ್ಕನೇ ತರಗತಿಯಲ್ಲೂ ಅಕ್ಷರ ಕಲಿಯುತ್ತಲೇ ಇರುತ್ತದೆ. ಇದು ಲಿಪಿಯ ದೋಷವೂ ಅಲ್ಲ, ಮಗುವಿನ ಮಂದಬುದ್ಧಿಯೂ ಅಲ್ಲ. ಲಿಪಿಯ ಸ್ವಭಾವವೇ ಹಾಗೆ. ನಮ್ಮ ಪಠ್ಯಪುಸ್ತಕ ಮಾತ್ರ ಈ ಸ್ವಭಾವಕ್ಕೆ ಕಾಯುವುದಿಲ್ಲ. ನಾಲ್ಕನೇ ತರಗತಿಗೆ ಬಂದ ಮಗುವಿಗೆ ಓದು ಬರುತ್ತದೆ ಎಂದುಕೊಂಡೇ ಪಾಠಗಳು ಮುಂದೆ ಓಡುತ್ತವೆ.

ಬಿ.ಟಿ.ಎಂ. ಲೇಔಟಿನ ಹಿಂದಿನ ಓಣಿಯೊಂದರ ಸಣ್ಣ ಕೋಣೆಯಲ್ಲಿ ಕೆಲವು ಶನಿವಾರ ಮಕ್ಕಳ ಜೊತೆ ಕೂತು ಓದಿದ್ದೇನೆ. ಬಿ.ಟಿ.ಎಂ. ಎಂದರೆ ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಮೊದಲಕ್ಷರ ಎಂಬುದು ಅಲ್ಲಿ ಪಿಜಿಗಳಲ್ಲಿರುವ ಎಷ್ಟೋ ಜನರಿಗೆ ಗೊತ್ತಿಲ್ಲ. ಕಟ್ಟಡ ಕೆಲಸಕ್ಕೆಂದು ಯಾದಗಿರಿ ಕಡೆಯಿಂದ ಬಂದ ಮನೆಯೊಂದರ ಹುಡುಗಿ, ಐದನೇ ತರಗತಿ, "ವರ್ಷ" ಎಂಬ ಪದದ ಮುಂದೆ ನಿಂತಳು. "ವಷ" ಎಂದಳು. ಬಾಲವನ್ನು ಬಿಟ್ಟಳು. ಮತ್ತೊಮ್ಮೆ ಓದು ಎಂದೆ. ಅರ್ಕಾವತ್ತಿನ ಮೇಲೆ ಬೆರಳಿಟ್ಟು, "ಇದು ಹಿಂದ ಅದ ಅಲ್ರೀ ಮಿಸ್, ಮುಂದ ಯಾಕ ಹೇಳ್ಬೇಕು?" ಎಂದಳು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ನಲವತ್ತು ವರ್ಷ ಕನ್ನಡ ಓದಿದವಳು ನಾನು. ಮೊದಲು ಉಚ್ಚರಿಸುವ ರ್ ಅಕ್ಷರದ ಹಿಂದೆ ಹೋಗಿ ಕೂರುತ್ತದೆ ಎಂಬುದು ಒಂದು ವಿಚಿತ್ರ ಎಂದು ಒಮ್ಮೆಯೂ ಅನ್ನಿಸಿರಲಿಲ್ಲ. ಸಾಲದ್ದಕ್ಕೆ ಅದರ ರೂಪ ಕನ್ನಡದ ಒಂಬತ್ತರ ಅಂಕಿಯಂತೆಯೇ ಇರುತ್ತದೆ. ಐದು ವರ್ಷ ಶಾಲೆಗೆ ಹೋದವಳಿಗೆ ಇದನ್ನು ಯಾರೂ ಬಿಡಿಸಿ ಹೇಳಿರಲಿಲ್ಲ, ಏಕೆಂದರೆ ಅವಳು ಇಲ್ಲಿ ತಡೆಯುತ್ತಾಳೆ ಎಂದು ಯಾರಿಗೂ ಗೊತ್ತಿರಲಿಲ್ಲ. ಅವಳು ಒಬ್ಬಳೇ ಗಟ್ಟಿಯಾಗಿ ಓದಿದ್ದನ್ನು ಕೇಳಿಸಿಕೊಂಡವರಿದ್ದರೆ ತಾನೆ? ತರಗತಿಯಲ್ಲಿ ಓದುವುದು ಗುಂಪು. ಗುಂಪಿನ ದನಿಯಲ್ಲಿ ಬಾಲ ಬಿಟ್ಟ ಅಕ್ಷರಗಳೆಲ್ಲ ಮುಚ್ಚಿಹೋಗುತ್ತವೆ. ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಹೇಳುವುದಾದರೆ ಅರ್ಕಾವತ್ತಿಗೆ ನಮಗೆ ಬೇಕಾದದ್ದು ಹತ್ತು ನಿಮಿಷ. ಸೂರ್ಯ, ಕರ್ಣ, ಮರ್ಯಾದೆ, ಧೈರ್ಯ ಎಂದು ಬರೆದುಕೊಂಡೆವು. ಹನ್ನೊಂದನೇ ನಿಮಿಷಕ್ಕೆ ಅವಳೇ ಗೋಡೆಯ ಕ್ಯಾಲೆಂಡರಿನಲ್ಲಿ "ಮಾರ್ಚ್" ಹುಡುಕಿ ತೋರಿಸಿದಳು.

ಇಂಥ ತೊಡಕುಗಳು ಯಾವ ಅಂಕಿಅಂಶದಲ್ಲೂ ಕಾಣುವುದಿಲ್ಲ. 2005ರಿಂದ ನಡೆಯುತ್ತಿರುವ ಅಸರ್ ಸಮೀಕ್ಷೆ ಮಗುವಿನ ಮುಂದೆ ಅಕ್ಷರ, ಪದ, ಸಣ್ಣ ಪ್ಯಾರಾ, ಪುಟ್ಟ ಕಥೆ ಹೀಗೆ ಒಂದೊಂದೇ ಇಟ್ಟು ಎಲ್ಲಿಯವರೆಗೆ ಓದುತ್ತದೆ ನೋಡುತ್ತದೆ. ಸರಳವಾದ, ಪ್ರಾಮಾಣಿಕವಾದ ಅಳತೆ. ಆದರೆ ಅದು ಗ್ರಾಮೀಣ ಮನೆಗಳ ಸಮೀಕ್ಷೆ. ವರದಿ ಬಂದಾಗಲೆಲ್ಲ ಜಯನಗರದಲ್ಲಿ ಕೂತು ಹಳ್ಳಿ ಮಕ್ಕಳ ಬಗ್ಗೆ ಮರುಗುತ್ತೇವೆ. ನಮ್ಮ ಬೀದಿಯ ಮಕ್ಕಳನ್ನು ಅದು ಅಳೆದೇ ಇಲ್ಲ ಎಂಬುದು ನೆನಪಾಗುವುದಿಲ್ಲ. ಕೇಂದ್ರದ ನಿಪುಣ್ ಭಾರತ್ ಯೋಜನೆ 2021ರಲ್ಲಿ ಬಂದು, ಮೂರನೇ ತರಗತಿಯೊಳಗೆ ಪ್ರತಿ ಮಗುವೂ ಓದಬೇಕು ಎಂದು 2026-27ರ ಗಡುವು ಹಾಕಿದೆ. ಗಡುವು ಒಳ್ಳೆಯದೇ. ಕನ್ನಡದ ಲಿಪಿಗೆ ಅದು ಗೊತ್ತಿದ್ದರೆ ಇನ್ನೂ ಒಳ್ಳೆಯದಿತ್ತು.

ಕರ್ನಾಟಕದಲ್ಲಿ ಶಿಕ್ಷಣದ ಬಗ್ಗೆ ಜಗಳವಾಡಿಲ್ಲ ಎಂದು ಯಾರೂ ಹೇಳುವಂತಿಲ್ಲ. 1981ರ ಗೋಕಾಕ್ ವರದಿ, ಮರುವರ್ಷ ರಾಜ್‌ಕುಮಾರ್ ಬೀದಿಗಿಳಿದ ಚಳವಳಿ, ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮ ಎಂದ 1994ರ ಆದೇಶ, ಅದನ್ನು ಹೈಕೋರ್ಟ್ 2008ರಲ್ಲಿ ತಳ್ಳಿದ್ದು, 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಮಾಧ್ಯಮದ ಆಯ್ಕೆ ತಂದೆತಾಯಿಯದ್ದು ಎಂದು ತೀರ್ಪಿತ್ತದ್ದು, 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ, 2019ರಿಂದ ಸರ್ಕಾರಿ ಶಾಲೆಗಳಲ್ಲೇ ತೆರೆದ ಇಂಗ್ಲಿಷ್ ವಿಭಾಗಗಳು. ಪಠ್ಯದ ವಿಚಾರಕ್ಕೆ ಬಂದರೆ ಬರಗೂರು ರಾಮಚಂದ್ರಪ್ಪ ಸಮಿತಿ, 2022ರಲ್ಲಿ ರೋಹಿತ್ ಚಕ್ರತೀರ್ಥ ಸಮಿತಿ, ಮರುವರ್ಷ ಮತ್ತೆ ಪರಿಷ್ಕರಣೆ. ಯಾವ ಭಾಷೆಯಲ್ಲಿ ಕಲಿಸಬೇಕು ಎಂದು ಕೋರ್ಟಿಗೆ ಹೋದೆವು, ಯಾರ ಪಾಠ ಇರಬೇಕು ಎಂದು ಬೀದಿಗೆ ಹೋದೆವು. ಇದ್ದ ಪಾಠವನ್ನು ಮಗು ಓದಬಲ್ಲದೇ ಎಂದು ಕೇಳಲು ತರಗತಿಯೊಳಗೆ ಹೋದವರು ಕಡಿಮೆ. ಎರಡು ಪಕ್ಷದ ಪಾಠಗಳನ್ನೂ "ವಷ" ಎಂದು ಓದುವ ಮಗು ಸಮಾನವಾಗಿಯೇ ಓದುತ್ತಿತ್ತು.

ಇನ್ನು ಸಾಹಿತ್ಯದ ಪಾಠ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕ, ಉಳಿದ ವಿಷಯಗಳಿಗಿಂತ 25 ಹೆಚ್ಚು. ಕನ್ನಡ ಮೇಷ್ಟ್ರಿಗೆ ಆ ಮಟ್ಟಿಗೆ ಬೆಲೆ ಇದೆ. "ಸಂದರ್ಭದೊಂದಿಗೆ ವಿವರಿಸಿ" ಎಂಬ ಪ್ರಶ್ನೆ ಎಲ್ಲರಿಗೂ ಗೊತ್ತು. ಅದಕ್ಕೆ ಉತ್ತರ ಬರೆಯುವ ಅಚ್ಚೂ ಗೊತ್ತು: ಮೊದಲು ಆಯ್ಕೆ, ಆಮೇಲೆ ಸಂದರ್ಭ, ಕೊನೆಗೆ ಸ್ವಾರಸ್ಯ. ಆಯ್ಕೆ ಎಂದರೆ ಯಾರು ಬರೆದ ಯಾವ ಕೃತಿಯಿಂದ ತೆಗೆದುಕೊಂಡ ಪಾಠ ಎಂಬುದು. ಸಂದರ್ಭ ಎಂದರೆ ಯಾರು ಯಾರಿಗೆ ಹೇಳಿದರು ಎಂಬುದು. ಇವೆರಡನ್ನು ಬಾಯಿಪಾಠ ಮಾಡುವುದು ಅರ್ಥವಾಗುತ್ತದೆ. ಸ್ವಾರಸ್ಯವನ್ನೂ ಬಾಯಿಪಾಠ ಮಾಡಿಸುತ್ತೇವಲ್ಲ, ಅದನ್ನು ಏನೆನ್ನಬೇಕು? ಜೆ.ಪಿ. ನಗರದ ಪರಿಚಯದವರ ಮನೆಯಲ್ಲಿ ಹುಡುಗನೊಬ್ಬನ ನೋಟ್ಸ್ ತಿರುವಿದೆ. ಹದಿನಾರು ಸಂದರ್ಭಗಳು, ಹದಿನಾರಕ್ಕೂ ಸ್ವಾರಸ್ಯದ ಜಾಗದಲ್ಲಿ "ಕವಿ ಬಹಳ ಸ್ವಾರಸ್ಯಪೂರ್ಣವಾಗಿ ಹೇಳಿದ್ದಾರೆ" ಎಂಬ ಮಾತು. ಅಲಂಕಾರ ಒಂದೊಂದರಲ್ಲಿ ಬೇರೆ ಅಷ್ಟೇ. ಅವನಿಗೆ ಪೂರ್ತಿ ಅಂಕ ಬರುತ್ತದೆ. ರುಚಿ ನೋಡದ ಅಡುಗೆಗೆ "ರುಚಿಯಾಗಿದೆ" ಎಂದು ಬರೆದುಕೊಡುವುದನ್ನು ಹತ್ತನೇ ತರಗತಿಯಲ್ಲೇ ಕಲಿತವನು ಮುಂದೆ ಎಲ್ಲಿ ಬೇಕಾದರೂ ಬದುಕಿಕೊಳ್ಳುತ್ತಾನೆ, ಬಿಡಿ.

ಛಂದಸ್ಸಿನ ಕಥೆಯೂ ಅದೇ. ಮೂರು ಸಾಲು ಕೊಟ್ಟು ಪ್ರಸ್ತಾರ ಹಾಕಿ, ಗಣ ವಿಭಾಗಿಸಿ ಎನ್ನುತ್ತಾರೆ. ಲಘುವಿಗೆ ಒಂದು ಗುರುತು, ಗುರುವಿಗೆ ಇನ್ನೊಂದು. ಮೂರು ಮಾತ್ರೆ, ನಾಲ್ಕು ಮಾತ್ರೆ ಎಂದು ಗೆರೆ ಎಳೆದರೆ ಭಾಮಿನಿ ಷಟ್ಪದಿ. ಲೆಕ್ಕದಂತೆ ಅಂಕ ತರುವ ಪ್ರಶ್ನೆಯಾದ್ದರಿಂದ ಮಕ್ಕಳಿಗೆ ಇದು ಇಷ್ಟ. ಆ ಷಟ್ಪದಿಯನ್ನು ಕಿವಿಯಲ್ಲಿ ಕೇಳಿದ ಮಕ್ಕಳೆಷ್ಟು? ಕುಮಾರವ್ಯಾಸ ಭಾರತ ಐದು ಶತಮಾನಕ್ಕೂ ಹೆಚ್ಚು ಕಾಲ ಬಾಳಿದ್ದು ಗಣ ವಿಭಾಗದಿಂದಲ್ಲ. ಗಮಕಿಯೊಬ್ಬರು ವಾಚನ ಮಾಡುತ್ತಿದ್ದರು, ಪಕ್ಕದಲ್ಲಿ ಇನ್ನೊಬ್ಬರು ವ್ಯಾಖ್ಯಾನ ಹೇಳುತ್ತಿದ್ದರು, ಎದುರಿಗೆ ಅಕ್ಷರ ಬಲ್ಲವರೂ ಬಾರದವರೂ ಒಟ್ಟಿಗೆ ಕೂತಿರುತ್ತಿದ್ದರು. ಕವಿರಾಜಮಾರ್ಗದ ಹೊಗಳಿಕೆಗೆ ತಕ್ಕವರು ಇವರೇ. ಓದುವವರ ಪಕ್ಕದಲ್ಲಿ ಬಿಡಿಸಿ ಹೇಳುವವರು ಇರಬೇಕೆಂಬ ಈ ಏರ್ಪಾಡು ಕನ್ನಡದ್ದೇ ಆದ ಬೋಧನಾ ಕ್ರಮ, ಬಿ.ಇಡಿ. ಪುಸ್ತಕಗಳು ಅದನ್ನು ಕಲೆಯ ಪಟ್ಟಿಗೆ ಸೇರಿಸಿ ಕೈತೊಳೆದುಕೊಂಡವು. ದಕ್ಷಿಣ ಬೆಂಗಳೂರಿನಲ್ಲಿ ಗಮಕ ಇನ್ನೂ ನಡೆಯುತ್ತದೆ. ದೇವಸ್ಥಾನದ ಸಭಾಂಗಣದಲ್ಲಿ, ಸಂಜೆ ಹೊತ್ತು, ಬಹುಪಾಲು ಬಿಳಿತಲೆಗಳ ನಡುವೆ. ಅದೇ ಹೊತ್ತಿಗೆ ಪಕ್ಕದ ಬೀದಿಯಲ್ಲಿ ಮಕ್ಕಳು ಟ್ಯೂಷನ್ನಿನಲ್ಲಿ ಪ್ರಸ್ತಾರ ಹಾಕುತ್ತಿರುತ್ತಾರೆ.

ನಡುವಿನ ದಾರಿ ಎಂದೆನಲ್ಲ, ಆ ದಾರಿಗೆ ಬೇಕಾದ ಪುಸ್ತಕಗಳನ್ನು ಹಿಂದಿನವರು ಬರೆದಿದ್ದರು ಎಂಬುದೇ ಈ ಕಥೆಯ ಬೇಸರದ ಭಾಗ. ಪಂಜೆ ಮಂಗೇಶರಾಯರು (1874–1937) ಶಾಲಾ ಇನ್ಸ್‌ಪೆಕ್ಟರಾಗಿ ಓಡಾಡುತ್ತಲೇ ಮಕ್ಕಳ ಬಾಯಿಗೆ ಒಗ್ಗುವ ಪದ್ಯ, ಕಥೆ, ಪಠ್ಯ ಮೂರನ್ನೂ ಕೊಟ್ಟರು. ಶಿವರಾಮ ಕಾರಂತರು 1930ರ ದಶಕದಲ್ಲೇ 'ಬಾಲಪ್ರಪಂಚ'ದ ದೊಡ್ಡ ಸಂಪುಟಗಳನ್ನು ತಂದರು. ಪುತ್ತೂರಿನ ಬಾಲವನದಲ್ಲಿ ಶಾಲೆಯನ್ನೇ ಪ್ರಯೋಗಕ್ಕೆ ಒಡ್ಡಿದರು. ಜಿ.ಪಿ. ರಾಜರತ್ನಂ ಸೆಂಟ್ರಲ್ ಕಾಲೇಜಿನ ಮೇಷ್ಟ್ರಾಗಿದ್ದುಕೊಂಡೇ ಪುಸ್ತಕಗಳನ್ನು ಚೀಲದಲ್ಲಿ ಹೊತ್ತು ತಿರುಗಿ ಮಾರಿದರು. ಅವರ ಪ್ರಾಸಗಳನ್ನು ಇಂದಿಗೂ ಅಂಗನವಾಡಿಗಳಲ್ಲಿ ಹಾಡಿಸುತ್ತಾರೆ. 1970ರ ದಶಕದಲ್ಲಿ ನಿರಂಜನ ಸಂಪಾದಿಸಿದ 'ಜ್ಞಾನ ಗಂಗೋತ್ರಿ'ಯ ಏಳು ಸಂಪುಟ, ಅನುಪಮಾ ನಿರಂಜನ ಬರೆದ 'ದಿನಕ್ಕೊಂದು ಕಥೆ'ಯ ಹನ್ನೆರಡು ಸಂಪುಟ. ಒಂದೇ ಮನೆಯಿಂದ ಇಷ್ಟು! ವರ್ಷವಿಡೀ ದಿನಕ್ಕೊಂದು ಕಥೆ ಎಂಬ ಯೋಜನೆಯಲ್ಲೇ ಅದನ್ನು ಓದಿ ಹೇಳುವ ಅಮ್ಮನೋ ಅಜ್ಜನೋ ಇದ್ದಾರೆ. ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ರಾಷ್ಟ್ರೋತ್ಥಾನದವರು ತಂದ 'ಭಾರತ-ಭಾರತಿ' ಮಾಲೆಯಲ್ಲಿ ಐನೂರಕ್ಕೂ ಹೆಚ್ಚು ಕಿರುಹೊತ್ತಗೆಗಳು ಬಂದವು. ಅದರ ಆಯ್ಕೆಯ ಬಗ್ಗೆ ತಕರಾರಿರುವವರೂ ಒಂದು ಮಾತು ಒಪ್ಪಬೇಕು: ಐದನೇ ತರಗತಿಯ ಮಗು ಒಂದೇ ಸಲ ಕೂತು ಮುಗಿಸಬಲ್ಲ ಗಾತ್ರ ಅದು. ಮುಗಿಸುವುದು ಎಂಬುದು ದೊಡ್ಡ ವಿಷಯ. ಪುಸ್ತಕವೊಂದನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಮುಗಿಸಿದ ಮಗುವಿನ ನಡಿಗೆಯೇ ಬದಲಾಗುತ್ತದೆ, ನೋಡಿ.

ದೊಡ್ಡವರ ಈ ದಾರಿ ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿತ್ತು. ಜಯನಗರದ ಬ್ಲಾಕುಗಳಲ್ಲಿ, ಬನಶಂಕರಿಯ ಮೂಲೆಯಂಗಡಿಗಳಲ್ಲಿ ದಿನಕ್ಕೆ ಇಷ್ಟು ಪೈಸೆ ಎಂದು ಬಾಡಿಗೆಗೆ ಸಿಗುತ್ತಿದ್ದ ಕಾದಂಬರಿಗಳು, ಸುಧಾ, ಕಸ್ತೂರಿ, ಮಯೂರ. ರಟ್ಟು ಹಾಕಿ ದಾರದಲ್ಲಿ ಹೊಲಿದ ತ್ರಿವೇಣಿ, ಎಂ.ಕೆ. ಇಂದಿರಾ, ಸಾಯಿಸುತೆ. ಏಳನೇ ತರಗತಿಗೆ ಶಾಲೆ ಬಿಟ್ಟ ಎಷ್ಟೋ ಹೆಣ್ಣುಮಕ್ಕಳು ಮಧ್ಯಾಹ್ನದ ಕೆಲಸ ಮುಗಿಸಿ ಇಲ್ಲಿಂದ ತಂದ ಪುಸ್ತಕಗಳಲ್ಲೇ ತಮ್ಮ ಓದನ್ನು ಮುಂದುವರಿಸಿದರು. ವಿಮರ್ಶಕರು ಇದನ್ನು ಜನಪ್ರಿಯ ಸಾಹಿತ್ಯ ಎಂದು ಬದಿಗಿಟ್ಟರು. ನನ್ನ ದೊಡ್ಡಮ್ಮ ಭೈರಪ್ಪನವರ ಕಾದಂಬರಿಗೆ ಬಂದದ್ದು ತ್ರಿವೇಣಿಯ ಮೆಟ್ಟಿಲು ಹತ್ತಿ. ಮೆಟ್ಟಿಲನ್ನು ಬೈದು ಅಟ್ಟವನ್ನು ಹೊಗಳುವುದರಲ್ಲಿ ನ್ಯಾಯವಿಲ್ಲ. ಆ ಅಂಗಡಿಗಳ ಜಾಗದಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ.

ಇವತ್ತು ಪುಸ್ತಕ ಇಲ್ಲವೇ ಎಂದರೆ, ಇದೆ. ಬೆಂಗಳೂರಿನಲ್ಲೇ 2004ರಲ್ಲಿ ಶುರುವಾದ ಪ್ರಥಮ್ ಬುಕ್ಸ್ ಚಿತ್ರವೇ ಹೆಚ್ಚಿರುವ, ಹಂತ ಹಂತವಾಗಿ ಪದ ಹೆಚ್ಚುವ ಪುಸ್ತಕಗಳನ್ನು ಕಡಿಮೆ ಬೆಲೆಗೆ ಕೊಟ್ಟಿತು. 2015ರಿಂದ ಅವರ ಸ್ಟೋರಿವೀವರ್‌ನಲ್ಲಿ ಕನ್ನಡದ ಕಥೆಗಳನ್ನು ಯಾರು ಬೇಕಾದರೂ ಪುಕ್ಕಟೆ ಓದಬಹುದು, ಅಚ್ಚು ಹಾಕಿ ಹಂಚಬಹುದು. ಮೊದಲೆರಡು ಹಂತಕ್ಕೆ ಇದು ಹಬ್ಬ. ಒಂದು ಆಕ್ಷೇಪವಿದೆ: ಇವುಗಳಲ್ಲಿ ಬಹಳಷ್ಟು ಬೇರೆ ಭಾಷೆಯಿಂದ ಬಂದವು, ಕೆಲವು ವಾಕ್ಯಗಳು ಕನ್ನಡದ ಬಟ್ಟೆ ತೊಟ್ಟ ಇಂಗ್ಲಿಷಿನಂತೆ ನಿಲ್ಲುತ್ತವೆ. ಯಾದಗಿರಿಯ ಆ ಹುಡುಗಿಗೆ ಅದು ಮೂರನೆಯ ಭಾಷೆ. ಮನೆಯ ಕನ್ನಡ ಒಂದು, ಪಠ್ಯದ ಕನ್ನಡ ಒಂದು, ಅನುವಾದದ ಕನ್ನಡ ಇನ್ನೊಂದು. ಅವಳ ಊರಿನ ಮಾತಿನಲ್ಲೇ ನಾಲ್ಕು ಒಳ್ಳೆಯ ಮಕ್ಕಳ ಪುಸ್ತಕ ಕೇಳಿದರೆ ಗಾಂಧಿ ಬಜಾರಿನಲ್ಲೂ ಸಿಗುವುದು ಕಷ್ಟ.

ಇನ್ನೊಂದು ಬಗೆಯ ಮಗುವಿದೆ, ಇದು ಓಣಿಯದಲ್ಲ, ಅಪಾರ್ಟ್‌ಮೆಂಟಿನದು. ಮನೆಯಲ್ಲಿ ಕನ್ನಡ, ಅಜ್ಜಿಯ ಜೊತೆ ಅಚ್ಚ ಮೈಸೂರು ಕನ್ನಡ. "ಮಾತಾಡ್ತಾನೆ, ಓದೋಕೆ ಬರಲ್ಲ" ಎಂದು ತಾಯಿ ನಗುತ್ತಲೇ ಹೇಳುತ್ತಾರೆ. ಶಾಲೆಯಲ್ಲಿ ಕನ್ನಡ ಎರಡನೆಯ ಭಾಷೆ. ಕಾಯ್ದೆಗಾಗಿ ಕಲಿಸುವ ಕನ್ನಡ. ಅಂಕ ಬರುತ್ತದೆ, ಗೈಡ್ ಇದೆ. ಇಂಗ್ಲಿಷಿನಲ್ಲಿ ಅವನು ಹ್ಯಾರಿ ಪಾಟರ್ ಮುಗಿಸಿದ್ದಾನೆ, ಅಂದರೆ ಓದುವ ಹಸಿವು, ತಾಳ್ಮೆ ಎಲ್ಲ ಇದೆ. ಸೌತ್ ಎಂಡ್ ಸರ್ಕಲ್ಲಿನಲ್ಲಿ ದಿನಾ ಓಡಾಡುತ್ತಾನೆ. ಅದಕ್ಕೆ 'ಭಾರತೀಯ ಕಾವ್ಯಮೀಮಾಂಸೆ' ಬರೆದ ತೀ.ನಂ. ಶ್ರೀಕಂಠಯ್ಯನವರ ಹೆಸರಿದೆ ಎಂದು ಅವನಿಗೂ ಗೊತ್ತಿಲ್ಲ, ಅವನ ಅಪ್ಪನಿಗೂ ಗೊತ್ತಿಲ್ಲ. ಇವನಿಗೆ ಬೇಕಾದದ್ದು ಅಕ್ಷರ ತಿದ್ದಿಸುವವರಲ್ಲ; ಕನ್ನಡದಲ್ಲಿ ಹ್ಯಾರಿ ಪಾಟರ್‌ನಷ್ಟೇ ಎಳೆದುಕೊಂಡು ಹೋಗುವ ಒಂದು ಪುಸ್ತಕ, ಜೊತೆಗೆ ಮೊದಲ ಇಪ್ಪತ್ತು ಪುಟ ಓದಿ ಹೇಳುವ ಅಜ್ಜಿ. ಅಜ್ಜಿ ಇದ್ದಾರೆ. ಅವರಿಗೆ ಹೇಳಿರುವುದು ಮಾತ್ರ ಬೇರೆ: "ಅವನು ಓದ್ತಾ ಇದ್ದಾನೆ, ಡಿಸ್ಟರ್ಬ್ ಮಾಡ್ಬೇಡಿ."

ಕಲಿಕೆ ಎಂದರೆ ಡಿಗ್ರಿ ಎಂದು ಈ ಪ್ರದೇಶ ಯಾವಾಗಲೂ ನಂಬಿರಲಿಲ್ಲ. ಕೈಲಾಸಂ 'ಟೊಳ್ಳುಗಟ್ಟಿ' ನಾಟಕದಲ್ಲಿ ಪುಸ್ತಕದ ಹುಳುವಾದ ದೊಡ್ಡ ಮಗನ ಪಕ್ಕ ಓದದ ಕಿರಿಯನನ್ನು ನಿಲ್ಲಿಸಿ ಯಾರು ಗಟ್ಟಿ ಎಂದು ಕೇಳಿದ್ದು ಇದೇ ಮಧ್ಯಮ ವರ್ಗದ ಮನೆಗಳನ್ನು. ಮೆಟ್ರಿಕ್ ದಾಟದ ಡಿ.ವಿ.ಜಿ. 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿ ದೊಡ್ಡವರಿಗೆ ಓದುವುದನ್ನು ಕಲಿಸಿದರು. ಗ್ರಂಥವೊಂದನ್ನು ಮುಂದಿಟ್ಟುಕೊಂಡು ವಾರವಾರ ಕೂತು ಚರ್ಚಿಸುವ ಅಲ್ಲಿನ ಪದ್ಧತಿಯೂ ವಾಚನ-ವ್ಯಾಖ್ಯಾನವೇ. ಗೌರಿಬಿದನೂರಿನ ಹೊ‌ಸೂರಿನಿಂದ ನಡೆದುಕೊಂಡೇ ಬಂದು ನ್ಯಾಷನಲ್ ಹೈಸ್ಕೂಲು ಸೇರಿದ ಎಚ್. ನರಸಿಂಹಯ್ಯ, ಮುಂದೆ ಅದೇ ಸಂಸ್ಥೆಯ ಪ್ರಿನ್ಸಿಪಾಲರಾಗಿ 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ ಶುರುಮಾಡಿ, ಪ್ರತಿ ಬುಧವಾರ ಸಂಜೆ ಯಾರು ಬೇಕಾದರೂ ಬಂದು ಕೇಳಿ, ಪ್ರಶ್ನೆ ಹಾಕಿ ಎಂದರು. ವಿಜಯಾ ಕಾಲೇಜಿನಲ್ಲಿ ಪಾಠ ಹೇಳಿ ಜಯನಗರದಲ್ಲಿ ಬಾಳಿದ ಜಿ. ವೆಂಕಟಸುಬ್ಬಯ್ಯನವರದ್ದು ನನಗೆ ಇನ್ನೂ ಪ್ರಿಯವಾದ ಉದಾಹರಣೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನು ಮುಗಿಸಿದವರು ಸುಮ್ಮನೆ ವಿಶ್ರಾಂತಿ ತೆಗೆದುಕೊಳ್ಳಬಹುದಿತ್ತು. 1991ರಿಂದ ಪ್ರಜಾವಾಣಿಯಲ್ಲಿ 'ಇಗೋ ಕನ್ನಡ' ಬರೆಯತೊಡಗಿದರು. ಓದುಗರು ಪೋಸ್ಟ್‌ಕಾರ್ಡಿನಲ್ಲಿ ಒಂದು ಪದ ಕೇಳುತ್ತಿದ್ದರು, ಅವರು ಅದರ ಅರ್ಥ, ಹುಟ್ಟು, ಬಳಕೆ ಬಿಡಿಸಿ ಹೇಳುತ್ತಿದ್ದರು. ಇಡೀ ನಾಡು ತರಗತಿ, ಒಬ್ಬರೇ ಮೇಷ್ಟ್ರು, ಪರೀಕ್ಷೆಯಿಲ್ಲ. 2021ರ ಏಪ್ರಿಲ್‌ನಲ್ಲಿ ತೀರಿಕೊಂಡಾಗ ಅವರಿಗೆ 107 ವರ್ಷ.

ಲೈಬ್ರರಿಯ ವಿಷಯ ಹೇಳದೆ ಈ ಸಮೀಕ್ಷೆ ಮುಗಿಯುವುದಿಲ್ಲ, ಹೇಳಿದರೆ ಸಿಟ್ಟು ಬರುತ್ತದೆ. ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ 1957ರಿಂದ 1972ರಲ್ಲಿ ತೀರಿಕೊಳ್ಳುವವರೆಗೆ ಬಾಳಿದ ಊರು ಇದು. ಪ್ರತಿ ಪುಸ್ತಕಕ್ಕೂ ಒಬ್ಬ ಓದುಗ ಸಿಗಬೇಕು ಎಂಬುದು ಅವರ ಪಂಚಸೂತ್ರಗಳಲ್ಲೊಂದು. ಕರ್ನಾಟಕದ ಗ್ರಂಥಾಲಯ ಕಾಯ್ದೆ 1965ರದು. ಅದರ ಪ್ರಕಾರ ಆಸ್ತಿ ತೆರಿಗೆಯ ಜೊತೆ ಶೇ. 6ರಷ್ಟು ಗ್ರಂಥಾಲಯ ಸೆಸ್ ನಾವೆಲ್ಲ ಕಟ್ಟುತ್ತೇವೆ. ಜಯನಗರದಂಥ ಬಡಾವಣೆಗಳಲ್ಲಿ ಆ ಮೊತ್ತ ಸಣ್ಣದಾಗಿರಲಾರದು. ಪಾಲಿಕೆ ವಸೂಲು ಮಾಡಿದ ಸೆಸ್ಸು ಗ್ರಂಥಾಲಯ ಇಲಾಖೆಗೆ ಪೂರ್ತಿ ಸೇರಿಲ್ಲ, ಬಾಕಿ ನೂರಾರು ಕೋಟಿ ಎಂಬ ಸುದ್ದಿ ಮಾವಿನ ಕಾಯಿಯಂತೆ ವರ್ಷಕ್ಕೊಮ್ಮೆ ಪತ್ರಿಕೆಗೆ ಬರುತ್ತದೆ. ವಾರ್ಡಿನ ಲೈಬ್ರರಿಗೆ ಹೋದರೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು, ದಿನಪತ್ರಿಕೆಗೆ ಬಂದ ನಿವೃತ್ತರು ಸಿಗುತ್ತಾರೆ. ಮಕ್ಕಳ ಮೂಲೆಯಲ್ಲಿ ಬೀಗ ಹಾಕಿದ ಗಾಜಿನ ಬೀರು. ಹಳ್ಳಿಗಳು ಈ ವಿಷಯದಲ್ಲಿ ನಮಗಿಂತ ಮುಂದಿವೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. 2020ರಲ್ಲಿ ಕೋವಿಡ್ಡಿನಿಂದ ಶಾಲೆ ಮುಚ್ಚಿದ್ದಾಗ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಹಳ್ಳಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಗೋಡೆಗೆ ಬಣ್ಣ, ನೆಲದ ಮೇಲೆ ಚಾಪೆ, ಕೈಗೆಟಕುವ ಎತ್ತರದಲ್ಲಿ ಪುಸ್ತಕ. ಬೆಂಗಳೂರಿನ ಮಗುವಿಗೆ ಇಷ್ಟು ಸಿಗಬೇಕಾದರೆ ಅಜ್ಜಿಯ ಊರಿಗೆ ಹೋಗಬೇಕು.

ಖಾಸಗಿಯಾಗಿ ಆಗುತ್ತಿರುವುದು ಕಡಿಮೆಯಲ್ಲ. ವಾರಾಂತ್ಯದಲ್ಲಿ ಪಾರ್ಕಿನ ಹುಲ್ಲಿನ ಮೇಲೆ ಮಾತಿಲ್ಲದೆ ಕೂತು ಓದುವ ಯುವಕರ ಗುಂಪುಗಳು ಕಬ್ಬನ್ ಪಾರ್ಕಿನಿಂದ ಲಾಲ್‌ಬಾಗಿಗೂ ಬಂದಿವೆ. 2004ರಲ್ಲಿ ಶುರುವಾದ ಜೆ.ಪಿ. ನಗರದ ರಂಗಶಂಕರ ಮಕ್ಕಳಿಗೂ ನಾಟಕ ತೋರಿಸುತ್ತಿದೆ. ಇವೆಲ್ಲ ಈಗಾಗಲೇ ಓದಬಲ್ಲವರಿಗೆ, ಟಿಕೆಟ್ ಕೊಳ್ಳಬಲ್ಲವರಿಗೆ ಎಂಬ ಮಾತು ಇದೆ. ಇರಲಿ, ಮೌನವಾಗಿ ಕೂತು ಓದುವವರಲ್ಲಿ ಹತ್ತರಲ್ಲೊಬ್ಬರು ತಿಂಗಳಿಗೊಮ್ಮೆ ಗಟ್ಟಿಯಾಗಿ ಓದಲು ಒಪ್ಪಿದರೂ ಸಾಕಿತ್ತು.

ಹಿರಿಯರ ಗಾದೆ ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎನ್ನುತ್ತದೆ. ಮುಕ್ಕಾಲಿನ ಜವಾಬ್ದಾರಿ ದೇವರಿಗಿರಲಿ, ಒಕ್ಕಾಲಾದರೂ ನಮ್ಮ ಕೈಯಲ್ಲಿದೆ. ಬನಶಂಕರಿ, ಜಯನಗರದ ಮನೆಗಳಲ್ಲಿ ಕನ್ನಡವನ್ನು ನೀರಿನಂತೆ ಓದುವ ನಿವೃತ್ತರು ಸಾವಿರಗಟ್ಟಲೆ ಇದ್ದಾರೆ. ಬ್ಯಾಂಕಿನವರು, ಮೇಷ್ಟ್ರುಗಳು, ಎಜಿ ಆಫೀಸಿನವರು, ಎಚ್‌ಎಂಟಿಯಲ್ಲಿದ್ದವರು. ನೀವು ಅವರಲ್ಲೊಬ್ಬರಾದರೆ ಒಂದು ವಿನಂತಿ. ಹತ್ತಿರದ ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕರನ್ನು ಕಂಡು ನಾಲ್ಕು, ಐದನೇ ತರಗತಿಯ ಇಬ್ಬರು ಮಕ್ಕಳನ್ನು ಕೇಳಿ ಪಡೆಯಿರಿ, ಇಬ್ಬರು ಸಾಕು. ವಾರಕ್ಕೊಮ್ಮೆ ಮುಕ್ಕಾಲು ಗಂಟೆ. ಮೊದಲು ನೀವು ಓದಿ ಹೇಳಿ, ಆಮೇಲೆ ಅವರು ಓದಲಿ, ನೀವು ಕೇಳಿಸಿಕೊಳ್ಳಿ. ಪಾಠಪುಸ್ತಕ ಬೇಡ. ಮತ್ತೆ, ಯಾವುದಾದರೂ ಮಗು ಅರ್ಕಾವತ್ತಿನ ಮೇಲೆ ಬೆರಳಿಟ್ಟು "ಯಾಕೆ?" ಎಂದು ಕೇಳಿದರೆ, ಉತ್ತರ ಸಿದ್ಧಮಾಡಿಕೊಂಡು ಹೋಗಿ. ನಾನು ಮಾಡಿಕೊಂಡಿರಲಿಲ್ಲ.